ಸೈಕಲ್ ಕೊಟ್ಟವರು ದಾರಿಯನ್ನು ಮರೆತರು

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರಕಾರ ಆರಂಭಿಸಿದ್ದು 2006-07ರಲ್ಲಿ. ಆಗ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ. ಉಪಮುಖ್ಯಮಂತ್ರಿ ಸ್ಥಾನದ ಜೊತೆಗೆ ಹಣಕಾಸು ಖಾತೆಯನ್ನೂ ಹೊಂದಿದ್ದವರು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಶಿವಮೊಗ್ಗದಿಂದ ಅವರ ಕ್ಷೇತ್ರಕ್ಕೆ ಹೋಗುವ ರಾಜ್ಯ ಹೆದ್ದಾರಿಯು ಸವಳಂಗವನ್ನು ಹಾದೇ ಮುಂದೆ ಸಾಗುತ್ತದೆ. ಆ ಬಳಿಕ ಸರಕಾರಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಸೈಕಲ್‌ನ ಗುಣಮಟ್ಟದ ಬಗ್ಗೆ ಆರೋಪ ಪ್ರತ್ಯಾರೋಪಗಳೂ ನಡೆದವು. ಆದರೂ ಯೋಜನೆ ನಿಲ್ಲಲಿಲ್ಲ. ಅದು ನಿಂತದ್ದು 2020-21ರ ಕೋವಿಡ್ ವರ್ಷದಲ್ಲಿ. ಅಷ್ಟರೊಳಗೆ ರಾಜ್ಯದ ಹಳ್ಳಿಹಳ್ಳಿಗಳಿಗೆ ಲಕ್ಷಾಂತರ ಸೈಕಲ್‌ಗಳು ತಲುಪಿದ್ದವು. ಬಡವರ ಮಕ್ಕಳ ಪಾಲಿಗೆ ಅದೊಂದು ದೊಡ್ಡ ಉಪಕಾರವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹದಿಮೂರು ವರ್ಷದ ಹುಡುಗಿ ಈ ಸೈಕಲನ್ನು ಯಾವ ದಾರಿಯಲ್ಲಿ ಓಡಿಸಬೇಕು ಎಂಬ ಪ್ರಶ್ನೆ ಆ ಯೋಜನೆಯ ಭಾಗವೇ ಆಗಿರಲಿಲ್ಲ. ವಾಹನ ಕೊಟ್ಟು ದಾರಿ ಕೊಡದಿರುವುದು ದೋಣಿ ಕೊಟ್ಟು ನದಿಯನ್ನು ಬತ್ತಿಸಿದಂತೆ ಎಂದರೆ ಹಾಸ್ಯವಾದೀತು. ಆದರೆ ಇಲ್ಲಿ ಆಗಿರುವುದು ಹಾಸ್ಯವಲ್ಲ. ಮಗುವಿನ ಕೈಗೆ ಸೈಕಲ್ ಕೊಟ್ಟು, ಲಾರಿ ಬಸ್ಸುಗಳು ಪೈಪೋಟಿಯಿಂದ ಓಡುವ ಹೆದ್ದಾರಿಗೆ ಅದನ್ನು ತಳ್ಳಲಾಗಿದೆ.

ಸವಳಂಗ ದೊಡ್ಡ ಊರೇನಲ್ಲ. ಆದರೆ ಮೂರು ದಾರಿ ಕೂಡುವ ಊರು. ಒಂದು ಶಿವಮೊಗ್ಗಕ್ಕೆ, ಇನ್ನೊಂದು ಶಿಕಾರಿಪುರಕ್ಕೆ, ಮತ್ತೊಂದು ನ್ಯಾಮತಿಯ ಮೂಲಕ ಹೊನ್ನಾಳಿಗೆ. ಆಡಳಿತದ ಕಡತಗಳಲ್ಲಿ ಈ ಊರಿನ ವಿಳಾಸ ಬದಲಾಗುತ್ತಲೇ ಬಂದಿದೆ. 1997ರ ಆಗಸ್ಟ್‌ವರೆಗೆ ಇದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲೂಕಿನಲ್ಲಿತ್ತು. ಅನಂತರ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ಹೊಸದಾಗಿ ರಚನೆಯಾದ ನ್ಯಾಮತಿ ತಾಲೂಕಿನಲ್ಲಿದೆ. ವಿಳಾಸ ಎಷ್ಟು ಬದಲಾದರೂ ಜನರ ನಡಿಗೆಯ ದಿಕ್ಕು ಬದಲಾಗಿಲ್ಲ. ದೊಡ್ಡಾಸ್ಪತ್ರೆ, ಕಾಲೇಜು, ಮಂಡಿ, ಮದುವೆಯ ಜವಳಿ, ಎಲ್ಲದಕ್ಕೂ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಶಿವಮೊಗ್ಗವೇ ಬೇಕು. ಶಿವಮೊಗ್ಗದವರು ತಮ್ಮ ನಗರದ ಒಂದು ಮುಖ್ಯ ರಸ್ತೆಯನ್ನು ಇಂದಿಗೂ ಸವಳಂಗ ರಸ್ತೆಯೆಂದೇ ಕರೆಯುತ್ತಾರೆ. ನವುಲೆಯ ಕೃಷಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎಲ್ಲವೂ ಇರುವುದು ಆ ರಸ್ತೆಯಲ್ಲೇ. ಅಲ್ಲಿ ರೈಲ್ವೆ ಗೇಟಿನ ಮುಂದೆ ಕಾರುಗಳು ಕಾಯಬಾರದೆಂದು ಮೇಲ್ಸೇತುವೆ ಎದ್ದಿತು. ಅದು ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಕಾರಿನವನ ಹತ್ತು ನಿಮಿಷಕ್ಕೆ ಇಷ್ಟು ಬೆಲೆ ಇರುವಾಗ ಸೈಕಲ್ ತುಳಿಯುವವನ ಜೀವಕ್ಕೆ ಎಷ್ಟು ಬೆಲೆ ಎಂದಷ್ಟೇ ಕೇಳುತ್ತಿದ್ದೇವೆ.

ಈ ರಸ್ತೆಯ ಸ್ವರೂಪವನ್ನು ತುಸು ನೋಡಿ. ಇದು ಖಾಸಗಿ ಬಸ್ಸುಗಳ ಸೀಮೆ. ಮುಂದಿನ ನಿಲ್ದಾಣದ ಪ್ರಯಾಣಿಕರು ಯಾರಿಗೆ ಸಿಗುತ್ತಾರೆಂಬ ಲೆಕ್ಕಾಚಾರದ ಮೇಲೆ ಬಸ್ಸಿನ ವೇಗ ನಿರ್ಧಾರವಾಗುತ್ತದೆ. ಮೆಕ್ಕೆಜೋಳದ ಕಾಲದಲ್ಲಿ ಕಣವಿಲ್ಲದ ರೈತ ರಸ್ತೆಯ ಒಂದು ಪಕ್ಕವನ್ನೇ ಕಣ ಮಾಡಿಕೊಂಡು ಕಾಳನ್ನು ಒಣಹಾಕುತ್ತಾನೆ. ಅವನನ್ನು ಬೈಯುವುದು ಸುಲಭ, ಅವನಿಗೊಂದು ಕಣ ಕಟ್ಟಿಕೊಡುವುದು ಕಷ್ಟ. ಕಾಳಿನ ರಾಶಿಯ ಸುತ್ತ ಕಲ್ಲಿಟ್ಟಾಗ ಉಳಿದ ಅರ್ಧ ರಸ್ತೆಯಲ್ಲೇ ಎರಡೂ ಕಡೆಯ ಲಾರಿಗಳು ಓಡಬೇಕು. ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ಬರುತ್ತವೆ. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದಂತೆ ರಸ್ತೆಯ ಮಟ್ಟ ಏರುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ ಇಳಿಯುತ್ತದೆ. ಎರಡರ ನಡುವೆ ಒಂದು ಗೇಣಿನಷ್ಟು ಕಡಿದಾದ ಅಂಚು ಉಳಿಯುತ್ತದೆ. ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಸೈಕಲ್ ಇಳಿಯಬೇಕಾದದ್ದು ಆ ಅಂಚಿನಿಂದ ಕೆಳಕ್ಕೆ. ಚೀಲದ ತುಂಬ ಪುಸ್ತಕ ಹೊತ್ತ ಮಗುವಿಗೆ ಚಕ್ರವನ್ನು ನೇರವಾಗಿ ಇಳಿಸುವಷ್ಟು ವ್ಯವಧಾನ ಎಲ್ಲಿರುತ್ತದೆ? ಬೀಳುವುದು ಕೆಳಕ್ಕಾದರೆ ಮೊಣಕಾಲು ತರಚುತ್ತದೆ. ಡಾಂಬರಿನ ಕಡೆಗೆ ಬಿದ್ದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ.

ಮಗು ಮತ್ತು ಸೈಕಲ್ ಸೇರಿ ಅರವತ್ತು ಕಿಲೋ. ಎರಡು ಆ್ಯಕ್ಸಲ್‌ನ ಲಾರಿಗೆ 2018ರಲ್ಲಿ ಕೇಂದ್ರ ಸರಕಾರ ಕೊಟ್ಟ ಅನುಮತಿ ಹದಿನೆಂಟೂವರೆ ಟನ್. ಅಂದರೆ ಮುನ್ನೂರು ಪಟ್ಟು. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಓಡಲು ಬಿಟ್ಟು, ನಡುವೆ ಒಂದು ಬಿಳಿಗೆರೆಯನ್ನೂ ಎಳೆಯದೆ, ಕೊನೆಗೆ ಪೊಲೀಸ್ ಠಾಣೆಯ ದಾಖಲೆಯಲ್ಲಿ 'ಅಜಾಗರೂಕತೆಯ ಚಾಲನೆ' ಎಂದು ಬರೆಯಲಾಗುತ್ತದೆ. ಚಾಲಕನ ಅಜಾಗರೂಕತೆ ಇರಬಹುದು. ಅಂತಹ ರಸ್ತೆಯನ್ನು ರೂಪಿಸಿದವರ ಅಜಾಗರೂಕತೆಯನ್ನು ಬರೆಯುವ ಕಾಲಂ ಆ ದಾಖಲೆಯಲ್ಲಿ ಇಲ್ಲವೇ?

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳು ಮೂವತ್ತೆರಡು ಸಾವಿರಕ್ಕೂ ಹೆಚ್ಚು. ಸೈಕಲ್ ಸವಾರರು ಐದು ಸಾವಿರಕ್ಕೆ ಹತ್ತಿರ. ಸತ್ತವರಲ್ಲಿ ಸುಮಾರು ಮೂರನೇ ಎರಡು ಪಾಲು ಗ್ರಾಮೀಣ ಪ್ರದೇಶದ ರಸ್ತೆಗಳಲ್ಲೇ ಸತ್ತರು. ಸಂಚಾರ ಸಮಸ್ಯೆಯೆಂದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಎಂದು ತಿಳಿದಿರುವ ಟಿವಿ ಚರ್ಚೆಗಳಿಗೆ ಈ ಅಂಕಿ ಕಾಣಿಸುವುದಿಲ್ಲ. ನಗರದಲ್ಲಿ ವಾಹನ ತೆವಳುತ್ತದೆ, ಆದ್ದರಿಂದ ಅಲ್ಲಿ ಸಿಟ್ಟು ಹೆಚ್ಚು, ಸಾವು ಕಡಿಮೆ. ಹಳ್ಳಿಯ ರಸ್ತೆಯಲ್ಲಿ ವಾಹನ ಹಾರುತ್ತದೆ. ಅಲ್ಲಿ ಸತ್ತವರ ಪರವಾಗಿ ಸಿಟ್ಟಾಗುವವರೂ ಇಲ್ಲ.

ಹಾಗಾದರೆ ಸೈಕಲ್ ಪಥವೆಂಬುದು ಹೊಸ ಕಾಲದ, ವಿದೇಶ ಪ್ರವಾಸ ಮಾಡಿ ಬಂದವರ ಕಲ್ಪನೆಯೇ? ಖಂಡಿತ ಅಲ್ಲ. ನಮ್ಮ ದೇಶದ ರಸ್ತೆ ಇಂಜಿನಿಯರುಗಳ ಅತ್ಯುನ್ನತ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳ ವಿನ್ಯಾಸದ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತ್ತು. ಗಂಟೆಗೆ ಇನ್ನೂರಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡುವ ರಸ್ತೆಯಲ್ಲಿ ಗಂಟೆಗೆ ನೂರು ಸೈಕಲ್‌ಗಳಿದ್ದರೂ ಸಾಕು, ಪ್ರತ್ಯೇಕ ಪಥ ಬೇಕೆಂದು ಅದು ಹೇಳಿತ್ತು. ಅಗಲ ಕನಿಷ್ಠ ಎರಡು ಮೀಟರ್. 2015ರಲ್ಲಿ ಆ ಮಾರ್ಗಸೂಚಿಯನ್ನು ಪರಿಷ್ಕರಿಸಲಾಯಿತು. ಅಂದರೆ ನಿಯಮಕ್ಕೆ ಅರುವತ್ತು ವರ್ಷ ದಾಟಿದೆ. ಶಾಲೆ ಬಿಡುವ ಸಂಜೆಯ ಹೊತ್ತಿನಲ್ಲಿ ಪ್ರೌಢಶಾಲೆಯಿರುವ ಯಾವ ಹೋಬಳಿ ಕೇಂದ್ರದಲ್ಲಾದರೂ ನಿಂತು ಸೈಕಲ್‌ಗಳನ್ನು ಎಣಿಸಿ ನೋಡಲಿ ಎಂದು ನಾವು ಲೋಕೋಪಯೋಗಿ ಇಲಾಖೆಯ ಇಂಜಿನಿಯರರನ್ನು ಆಗ್ರಹಿಸುತ್ತೇವೆ. ರಸ್ತೆ ವಿಸ್ತರಣೆಯ ಮುನ್ನ ಇಲಾಖೆ ವಾಹನ ಗಣತಿ ಮಾಡುತ್ತದಲ್ಲವೇ? ಆ ಗಣತಿಯ ನಮೂನೆಯಲ್ಲಿ ಸೈಕಲ್‌ಗೂ ಒಂದು ಅಂಕಣವಿದೆ. ಅದನ್ನು ತುಂಬಿದ ಮೇಲೆ ಏನು ಮಾಡಲಾಗುತ್ತದೆ?

"ಈ ಕಾಲದಲ್ಲಿ ಸೈಕಲ್ ಯಾರು ಹೊಡೆಯುತ್ತಾರೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಕಾರಿನೊಳಗೆ ಕೂತಿರುತ್ತಾರೆ. 2011ರ ಜನಗಣತಿಯಂತೆ ದೇಶದ ನೂರರಲ್ಲಿ ಸುಮಾರು 45 ಕುಟುಂಬಗಳಲ್ಲಿ ಸೈಕಲ್ ಇತ್ತು. ಸ್ಕೂಟರ್ ಅಥವಾ ಮೋಟಾರ್ ಸೈಕಲ್ ಇದ್ದದ್ದು 21 ಕುಟುಂಬಗಳಲ್ಲಿ. ಕಾರು ಇದ್ದದ್ದು ಐದಕ್ಕಿಂತಲೂ ಕಡಿಮೆ ಕುಟುಂಬಗಳಲ್ಲಿ. ಆ ಬಳಿಕ ಬೈಕ್‌ಗಳು ಹೆಚ್ಚಿವೆ, ಒಪ್ಪುತ್ತೇವೆ. ಆದರೆ ನೂರರಲ್ಲಿ ಐದು ಕುಟುಂಬಗಳಿಗಾಗಿ ರಸ್ತೆ ಕಟ್ಟುವಾಗ "ಕಾರು ಯಾರು ಓಡಿಸುತ್ತಾರೆ?" ಎಂದು ಯಾರೂ ಕೇಳಲಿಲ್ಲ. ರಸ್ತೆ ಮೊದಲು ಬಂತು, ಕಾರುಗಳು ಆಮೇಲೆ ಬಂದವು. ಸೈಕಲ್ ವಿಷಯದಲ್ಲಿ ಮಾತ್ರ ಸವಾರರು ಮೊದಲು ಬರಬೇಕು, ಸಾಯದೆ ಉಳಿಯಬೇಕು, ಎಣಿಕೆಗೆ ಸಿಗಬೇಕು, ಆಮೇಲೆ ದಾರಿ ಪರಿಶೀಲನೆಯಾಗಬೇಕು! ಇದ್ಯಾವ ನ್ಯಾಯ?

ನಿಜವಾಗಿ, ಸೈಕಲ್ ಸವಾರ ಇಲ್ಲವೆಂದಲ್ಲ. ಅವನು ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಬೇಗ ಹೊರಡುವ ಹಾಲಿನವನು, ತೋಟದ ಕೂಲಿಗೆ ಹೋಗುವವನು, ಹಿಂದಿನ ಕ್ಯಾರಿಯರ್‌ಗೆ ಮೀನಿನ ಬುಟ್ಟಿ ಕಟ್ಟಿಕೊಂಡವನು, ಗುಜರಿ ಹೆಕ್ಕುವವನು, ಪಾತ್ರೆ ಬಟ್ಟೆ ಮಾರುತ್ತಾ ಊರೂರು ಸುತ್ತುವವನು, ಇವರೆಲ್ಲ ಇಂದಿಗೂ ಎರಡು ಪೆಡಲ್‌ಗಳ ಮೇಲೆಯೇ ಬದುಕುತ್ತಿದ್ದಾರೆ. ನಮ್ಮ ಸಮುದಾಯದಲ್ಲಿ ಇಂಥವರ ಸಂಖ್ಯೆ ಕಡಿಮೆಯೇನಲ್ಲ. ಸೈಕಲ್ ಅಂಗಡಿಯೆಂದರೆ ಬಾಬಣ್ಣನೋ ಖಾದರ್ ಸಾಬರೋ ನೆನಪಾಗುವ ಊರುಗಳು ಈ ಸೀಮೆಯಲ್ಲಿ ಈಗಲೂ ಇವೆ. ಆದರೂ ನಮ್ಮ ಸಂಘಗಳು ಕೊಡುವ ಮನವಿಪತ್ರಗಳಲ್ಲಿ ಶಾದಿಮಹಲ್ ಇರುತ್ತದೆ, ಕಬರಸ್ತಾನದ ಕಾಂಪೌಂಡ್ ಇರುತ್ತದೆ, ಸುರಕ್ಷಿತ ದಾರಿ ಇರುವುದಿಲ್ಲ. ದಾರಿಯಲ್ಲೇ ಸತ್ತರೆ ಕಾಂಪೌಂಡಿನ ಒಳಗೆ ಹೋಗುವುದು ತಡವೇನಾಗುವುದಿಲ್ಲ ಎಂಬುದು ಬೇರೆ ಮಾತು.

ಮಕ್ಕಳ ವಿಷಯದಲ್ಲಿ ಈ ಅಪಾಯದ ಪರಿಣಾಮ ಇನ್ನೂ ವಿಚಿತ್ರವಾಗಿದೆ. ಹೆದ್ದಾರಿಯಲ್ಲಿ ಸೈಕಲ್ ಅಪಾಯವೆಂದು ಹೆದರಿದ ತಂದೆ ಸಾಲ ಮಾಡಿ ಒಂದು ಸ್ಕೂಟರ್ ಕೊಡಿಸುತ್ತಾನೆ. ಹದಿನೈದರ ಹುಡುಗ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಅದೇ ಹೆದ್ದಾರಿಗೆ ಇಳಿಯುತ್ತಾನೆ. ಈಗ ಅವನು ಅಪಾಯಕ್ಕೆ ಗುರಿಯಾಗುವವನು ಮಾತ್ರವಲ್ಲ, ಅಪಾಯ ಉಂಟುಮಾಡುವವನೂ ಹೌದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತನ ಕೈಗೆ ವಾಹನ ಕೊಟ್ಟ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಕಾಯಿದೆ ಸರಿಯಾಗಿಯೇ ಇದೆ. ಮಗನ ಕೈಗೆ ಬೀಗದ ಕೈ ಕೊಟ್ಟು ಮೀಸೆ ತಿರುವುವ ತಂದೆಯಂದಿರ ಪರವಾಗಿ ನಾವು ಒಂದು ಅಕ್ಷರವನ್ನೂ ಬರೆಯಲಾರೆವು. ಆದರೆ ಮಗ ಕಾನೂನುಬದ್ಧವಾಗಿ ಓಡಿಸಬಹುದಾದ ಏಕೈಕ ವಾಹನಕ್ಕೆ ಸುರಕ್ಷಿತ ದಾರಿಯನ್ನೇ ಕೊಡದ ಸರಕಾರಕ್ಕೆ ಯಾವ ದಂಡ?

ಹೆಣ್ಣುಮಕ್ಕಳ ಕಥೆ ಬೇರೆ. ಅವರಿಗೆ ಸ್ಕೂಟರ್ ಸಿಗುವುದಿಲ್ಲ, ಶಾಲೆ ನಿಲ್ಲುತ್ತದೆ. ಏಳನೇ ಅಥವಾ ಎಂಟನೇ ತರಗತಿ ಊರಿನಲ್ಲೇ ಮುಗಿದ ಮೇಲೆ ಪ್ರೌಢಶಾಲೆ ಮೂರೋ ನಾಲ್ಕೋ ಕಿಲೋಮೀಟರ್ ಆಚೆ ಇರುತ್ತದೆ. 2009ರಲ್ಲಿ ಆರಂಭವಾದ ಮಾಧ್ಯಮಿಕ ಶಿಕ್ಷಣ ಅಭಿಯಾನದ ಗುರಿಯೇ ಪ್ರತಿ ಜನವಸತಿಗೆ ಐದು ಕಿಲೋಮೀಟರ್ ಒಳಗೊಂದು ಪ್ರೌಢಶಾಲೆ ಎಂದಿತ್ತು. ಐದು ಕಿಲೋಮೀಟರ್ ನಡೆದರೆ ಒಂದು ಗಂಟೆಗೂ ಮಿಕ್ಕಿದ ಹಾದಿ. ಸೈಕಲ್‌ನಲ್ಲಿ ಇಪ್ಪತ್ತೈದು ನಿಮಿಷ. ಬಿಹಾರದ ಸರಕಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ತೊಡಗಿದ ಬಳಿಕ ಏನಾಯಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ನಡೆಸಿದರು. ಮಾಧ್ಯಮಿಕ ಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತ್ತು. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ಆಚೆಯ ಹಳ್ಳಿಗಳಲ್ಲಿಯೇ ಈ ಏರಿಕೆ ಹೆಚ್ಚಾಗಿತ್ತು. ಹುಡುಗಿಯರು ಓದಲು ಒಲ್ಲರು, ಮನೆಯವರು ಒಪ್ಪರು, ಸಮಾಜ ಹಿಂದುಳಿದಿದೆ ಎಂದೆಲ್ಲ ವ್ಯಾಖ್ಯಾನಿಸುತ್ತಿದ್ದವರಿಗೆ ಎರಡು ಚಕ್ರಗಳು ಉತ್ತರ ಕೊಟ್ಟವು. ಅಡ್ಡಿಯಾಗಿದ್ದುದು ದೂರ. 2006ರ ಸಾಚಾರ್ ವರದಿಯನ್ನು ಹಿಡಿದು ನಮ್ಮ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ವೇದಿಕೆಗಳಲ್ಲಿ ಕಣ್ಣೀರು ಸುರಿಸಿದವರು ಅನೇಕ. ಮನೆಯ ಬಾಗಿಲಿನಿಂದ ಶಾಲೆಯ ಗೇಟಿನವರೆಗಿನ ನಾಲ್ಕು ಕಿಲೋಮೀಟರನ್ನು ಅಳೆದವರು ಎಷ್ಟು ಮಂದಿ?

2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ಸು ಉಚಿತವಾಗಿದೆಯಲ್ಲ, ಇನ್ನು ಸೈಕಲ್ ಯಾಕೆ ಎನ್ನುವವರಿದ್ದಾರೆ. ಶಕ್ತಿ ಯೋಜನೆ ಅನ್ವಯವಾಗುವುದು ಸರಕಾರಿ ಬಸ್ಸಿಗೆ. ಖಾಸಗಿ ಬಸ್ಸುಗಳೇ ತುಂಬಿರುವ ಸೀಮೆಯಲ್ಲಿ ಅದರ ಫಲ ಎಷ್ಟು ಎಂಬುದು ಇಲ್ಲಿನ ಹೆಂಗಸರಿಗೆ ಗೊತ್ತಿದೆ. ಮತ್ತೆ, ಯಾವ ಬಸ್ಸೂ ತಾಂಡಾದ ಒಳಗೆ, ತೋಟದ ಮನೆಯ ಬಾಗಿಲಿಗೆ ಬರುವುದಿಲ್ಲ.

ಸೈಕಲ್ ಪಥದ ಮಾತೇ ನಡೆಯಲಿಲ್ಲವೆಂದಲ್ಲ. ನಡೆದದ್ದು ನಗರದಲ್ಲಿ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಲಾಯಿತು. ಸ್ವಲ್ಪ ದಿನದಲ್ಲೇ ಅದರೊಳಗೆ ಬೈಕುಗಳು ನುಗ್ಗಿದವು, ಮೆಟ್ರೋ ಕಾಮಗಾರಿ ಬಂದ ಮೇಲೆ ಗೂಟಗಳೂ ಹೋದವು. ಸ್ಮಾರ್ಟ್ ಸಿಟಿಯಾಗಿ 2016ರಲ್ಲಿ ಆಯ್ಕೆಯಾದ ಶಿವಮೊಗ್ಗದಲ್ಲಿಯೂ ಬಾಡಿಗೆ ಸೈಕಲ್‌ಗಳು ಸಾಲಾಗಿ ನಿಂತವು. ಮೊಬೈಲ್ ಆ್ಯಪ್ ಇದ್ದವರಿಗೆ ಮಾತ್ರ ಅವುಗಳ ಬೀಗ ತೆರೆಯುತ್ತದೆ. ಸೈಕಲ್ ನಗರಕ್ಕೆ ಹೋದ ಕೂಡಲೇ ಅದು ಪರಿಸರಪ್ರೇಮವಾಗುತ್ತದೆ, ವ್ಯಾಯಾಮವಾಗುತ್ತದೆ, ಮಂತ್ರಿಗಳು ಹೆಲ್ಮೆಟ್ ಧರಿಸಿ ಫೋಟೋಕ್ಕೆ ನಿಲ್ಲುವ ಸಂದರ್ಭವಾಗುತ್ತದೆ. ಹಳ್ಳಿಯಲ್ಲಿ ಅದು ಬಡತನ. ಈ ವಿಷಯವನ್ನು ನೋಡಿಕೊಳ್ಳುವ ಇಲಾಖೆಯ ಹೆಸರೇ 'ನಗರ ಭೂ ಸಾರಿಗೆ ನಿರ್ದೇಶನಾಲಯ'. ಗ್ರಾಮ ಭೂ ಸಾರಿಗೆಗೆ ಯಾರು ನಿರ್ದೇಶಕರು?

ನಗರಗಳು ಇನ್ನೊಂದು ಪಾಠವನ್ನೂ ಕಲಿಸಿವೆ. ಸೈಕಲ್ ಅಡ್ಡಿಯಾಗುತ್ತದೆಂದು ಕೋಲ್ಕತ್ತದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಅದನ್ನೇ ನಿಷೇಧಿಸಿದರು. ಹಾಲು, ಪತ್ರಿಕೆ, ತರಕಾರಿ ಸಾಗಿಸುವವರು ಬೀದಿಗಿಳಿದು ಹೋರಾಡಬೇಕಾಯಿತು. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯಪಥದಿಂದ 2023ರ ಆಗಸ್ಟ್ ಒಂದರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಹೊರಹಾಕಲಾಯಿತು. ಎತ್ತಿನ ಗಾಡಿ, ಸೈಕಲ್‌ಗಳಂತೂ ಲೆಕ್ಕಕ್ಕೇ ಇಲ್ಲ. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆಯಾದರೂ ಇದೆ. ನಾಳೆ ನಮ್ಮ ರಾಜ್ಯ ಹೆದ್ದಾರಿಗಳಲ್ಲೂ ಇಂಥದೇ ಫಲಕ ನೆಟ್ಟರೆ ಸವಳಂಗದ ಮಗು ಎಲ್ಲಿಗೆ ಹೋಗಬೇಕು? ವೇಗದ ರಸ್ತೆಯಿಂದ ನಿಧಾನದ ವಾಹನವನ್ನು ಬೇರ್ಪಡಿಸುವುದು ತಪ್ಪಲ್ಲ. ನಾವು ಬೇಡುತ್ತಿರುವುದೂ ಅದನ್ನೇ. ಆದರೆ ಬೇರೆ ದಾರಿಯನ್ನು ತೋರಿಸಿ ಬೇರ್ಪಡಿಸುವುದಕ್ಕೂ ಕತ್ತು ಹಿಡಿದು ಹೊರದಬ್ಬುವುದಕ್ಕೂ ವ್ಯತ್ಯಾಸವಿದೆ.

ಈ ರಸ್ತೆಯ ಬಗ್ಗೆ ಈಚಿನ ವರ್ಷಗಳಲ್ಲಿ ಹೋರಾಟ ನಡೆಯಲಿಲ್ಲವೇ? ನಡೆಯಿತು. ಶಿಕಾರಿಪುರ ತಾಲೂಕಿನ ಕುಟ್ರಹಳ್ಳಿಯ ಟೋಲ್ ಗೇಟ್ ತೆರವುಗೊಳಿಸಬೇಕೆಂದು ಧರಣಿ, ಪ್ರತಿಭಟನೆಗಳು ನಡೆದವು. ಸ್ಥಳೀಯರು ತಮ್ಮ ಊರಿನ ರಸ್ತೆಗೆ ಸುಂಕ ತೆರಬೇಕೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಟೋಲ್ ಕಟ್ಟುವವರು ಹಣವನ್ನಷ್ಟೇ ತೆರುತ್ತಾರೆ. ಸೈಕಲ್‌ನವನು ಟೋಲ್ ಕಟ್ಟದೆ ಪ್ರತಿದಿನ ತೆರುವ ಸುಂಕದ ಬಗ್ಗೆ ಯಾವ ಧರಣಿಯ ಬ್ಯಾನರ್‌ನಲ್ಲೂ ಒಂದು ಸಾಲು ಸೇರಬಹುದಿತ್ತು.

ನಮ್ಮ ಜನಪ್ರತಿನಿಧಿಗಳ ಬಳಿ ಎಲ್ಲ ಕಾಯಿಲೆಗೂ ಒಂದೇ ಮದ್ದು ಇದೆ: ಚತುಷ್ಪಥ. ರಸ್ತೆ ಅಗಲವಾದರೆ ಅಪಘಾತ ಕಡಿಮೆಯಾಗುತ್ತದೆಂದು ಅವರು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ಅಗಲವಾದ ರಸ್ತೆಯಲ್ಲಿ ವೇಗ ಹೆಚ್ಚುತ್ತದೆ, ದಾಟಬೇಕಾದ ದೂರ ಹೆಚ್ಚುತ್ತದೆ. ಸರಾಸರಿ ವೇಗವನ್ನು ನೂರಕ್ಕೆ ಐದರಷ್ಟು ಇಳಿಸಿದರೆ ಸಾವಿನ ಅಪಘಾತಗಳು ನೂರಕ್ಕೆ ಮೂವತ್ತರಷ್ಟು ಇಳಿಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಾವು ಮಾಡುತ್ತಿರುವುದು ಇದರ ತದ್ವಿರುದ್ಧ. ಇನ್ನು ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಬರುತ್ತದೆ. ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ ಇಡಲಾಗುತ್ತದೆ. ಅಪಾಯವನ್ನು ಸೃಷ್ಟಿಸಿದವರು ದೊಡ್ಡವರು, ಎಚ್ಚರಿಕೆಯ ಪಾಠ ಮಾತ್ರ ಮಕ್ಕಳಿಗೆ.

ಸವಳಂಗದಂಥ ಊರಿಗೆ ಬೇಕಾದದ್ದು ಹೆದ್ದಾರಿಯ ಪಕ್ಕದ ಬಿಳಿಗೆರೆಯಲ್ಲ, ಹೆದ್ದಾರಿಯನ್ನೇ ತಪ್ಪಿಸುವ ಇನ್ನೊಂದು ದಾರಿ. ಅಂಥ ದಾರಿಗಳು ಇದ್ದವು. ಈಗಲೂ ಕಾಗದದ ಮೇಲೆ ಇವೆ. ಯಾವುದೇ ಹಳ್ಳಿಯ ಕಂದಾಯ ನಕ್ಷೆಯನ್ನು ಬಿಚ್ಚಿ ನೋಡಿದರೆ ಸರ್ವೆ ನಂಬರುಗಳ ನಡುವೆ ಚುಕ್ಕಿಗೆರೆಗಳಲ್ಲಿ ಕಾಲುದಾರಿ, ಜೋಡಿಗೆರೆಗಳಲ್ಲಿ ಬಂಡಿದಾರಿ ಕಾಣಿಸುತ್ತದೆ. ರೈತರು ಇದನ್ನೇ 'ನಕಾಶೆ ಕಂಡ ದಾರಿ' ಎನ್ನುತ್ತಾರೆ. ಬಸ್ಸು ಬರುವ ಮೊದಲು ಊರಿಂದ ಊರಿಗೆ, ಸಂತೆಗೆ, ಕೆರೆಗೆ, ದೇವಸ್ಥಾನ ದರ್ಗಾಗಳಿಗೆ ಜನ ನಡೆದದ್ದು ಈ ದಾರಿಗಳಲ್ಲೇ. ಸೂರಗೊಂಡನಕೊಪ್ಪದ ಸೇವಾಲಾಲರ ಜಯಂತಿಗೆ ಫೆಬ್ರವರಿಯಲ್ಲಿ ದೂರದೂರದಿಂದ ಕಾಲ್ನಡಿಗೆಯಲ್ಲಿ ಬರುವ ಬಂಜಾರ ಭಕ್ತರು ಇಂದು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿ ತಿನ್ನುತ್ತಾ ನಡೆಯುತ್ತಾರೆ. ಒಳದಾರಿಗಳು ಉಳಿದಿದ್ದರೆ ಅವರಿಗೂ ಈ ಸಂಕಟವಿರುತ್ತಿರಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿಗಳೆಲ್ಲ ಸರಕಾರದ ಸ್ವತ್ತು. ಅಂದರೆ ಭೂಸ್ವಾಧೀನ ಬೇಡ, ಪರಿಹಾರ ಬೇಡ, ನ್ಯಾಯಾಲಯಗಳಲ್ಲಿ ಇಪ್ಪತ್ತು ವರ್ಷ ಕಾಯುವುದು ಬೇಡ. ಹೊಸದಾಗಿ ಕೊಂಡರೂ ಐದು ಕಿಲೋಮೀಟರ್ ಉದ್ದ, ಎರಡು ಮೀಟರ್ ಅಗಲದ ಪಥಕ್ಕೆ ಬೇಕಾಗುವುದು ಎರಡೂವರೆ ಎಕರೆ. ಒಂದು ಸಾಧಾರಣ ಬಡಾವಣೆಯ ಮುಂದೆ ಅದು ಏನೂ ಅಲ್ಲ.

ಇನ್ನೊಂದು ಸಿದ್ಧ ದಾರಿ ನೀರಾವರಿ ಇಲಾಖೆಯ ಬಳಿ ಇದೆ. ಹಳೆಯ ಹೊನ್ನಾಳಿ ತಾಲೂಕಿನಲ್ಲಿ ಹಾದುಹೋಗುವ ತುಂಗಾ ಮೇಲ್ದಂಡೆ ಕಾಲುವೆಗೆ, ಚನ್ನಗಿರಿ ಕಡೆಯ ಭದ್ರಾ ನಾಲೆಗಳಿಗೆ ಪಕ್ಕದಲ್ಲಿ ಪರಿವೀಕ್ಷಣೆಯ ರಸ್ತೆ ಇದೆ. ಇಂಜಿನಿಯರರ ಜೀಪು ಓಡಲೆಂದು ಮಾಡಿದ್ದು. ಜೀಪು ಎಷ್ಟು ಬಾರಿ ಓಡುತ್ತದೆಂದು ನಾವು ಕೇಳುವುದಿಲ್ಲ. ಏರಿಳಿತವಿಲ್ಲದ, ಲಾರಿಯಿಲ್ಲದ, ಊರೂರನ್ನು ಪೋಣಿಸುವ ಇಂಥ ದಾರಿ ಸೈಕಲ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಇಲ್ಲಿ ಎಚ್ಚರ ಬೇಕು. 2018ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆಯಿಲ್ಲದ ನಾಲೆಯ ದಂಡೆಯನ್ನು ಮಕ್ಕಳಿಗೆ ತೋರಿಸಿ ಇದೇ ನಿಮ್ಮ ಸುರಕ್ಷಿತ ದಾರಿ ಎನ್ನುವುದು ಲಾರಿಯ ಬಾಯಿಂದ ತಪ್ಪಿಸಿ ನೀರಿನ ಬಾಯಿಗೆ ಹಾಕಿದಂತೆ. ನೀರಿನ ಕಡೆಗೆ ಬೇಲಿ, ತಿರುವುಗಳಲ್ಲಿ ಗೋಡೆ, ಬೈಕು ನುಗ್ಗದಂತೆ ಎರಡೂ ತುದಿಗೆ ಕಲ್ಲುಗಂಬ, ಇವಿಷ್ಟು ಇಲ್ಲದೆ ಕಾಲುವೆಯ ಮಾತು ಎತ್ತಲೇಬಾರದು. ಕೆರೆ ಏರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬಂಡಿದಾರಿಯಲ್ಲಿ ಇರುವ ಕಷ್ಟಗಳು ಬೇರೆ. ಮಳೆಗಾಲದಲ್ಲಿ ಅಲ್ಲಿ ಕೆಸರು ಮೊಣಕಾಲುದ್ದ. ಗರಸು ಹಾಕಿ ಉರುಳೆ ಹೊಡೆಯಬೇಕು, ಹಳ್ಳ ದಾಟುವಲ್ಲಿ ಮೋರಿ ಕಟ್ಟಬೇಕು, ಪಕ್ಕದಲ್ಲಿ ನೀರು ಹರಿಯಲು ಚರಂಡಿ ಬೇಕು. ಬೇಲಿಯ ಜಾಲಿ ವರ್ಷಕ್ಕೆ ಎರಡು ಬಾರಿಯಾದರೂ ಕಡಿಯಬೇಕು, ಇಲ್ಲದಿದ್ದರೆ ಚಕ್ರ ದಿನಾ ಪಂಕ್ಚರ್. ಹುಡುಗಿಯರು ಸಂಜೆ ಒಬ್ಬಂಟಿಯಾಗಿ ಹೋಗುವಂತಾಗಲು ಕೆಲವೆಡೆ ದೀಪ ಬೇಕು, ದಾರಿ ತೀರ ನಿರ್ಜನವಾಗಿರಬಾರದು. ಸುಗ್ಗಿಯಲ್ಲಿ ರೈತನ ಟ್ರ್ಯಾಕ್ಟರ್ ಅದೇ ದಾರಿಯಲ್ಲಿ ಬರಲೇಬೇಕು. ಅವನನ್ನು ಹೊರಗಿಟ್ಟು ಸೈಕಲ್ ಪಥ ಮಾಡಿದರೆ ಅದು ಒಂದು ಮಳೆಗಾಲವೂ ಬಾಳುವುದಿಲ್ಲ, ಬಾಳಲೂ ಬಾರದು. ಶಾಲೆಯ ಹೊತ್ತಿನ ಒಂದೊಂದು ಗಂಟೆ ಟ್ರ್ಯಾಕ್ಟರ್ ಬಾರದಂತೆ ಊರವರೇ ಕೂತು ಒಪ್ಪಂದ ಮಾಡಿಕೊಳ್ಳಬಹುದು. ಕಾಲುವೆ ನೀರಿನ ಸರದಿಯನ್ನು ಹಂಚಿಕೊಳ್ಳುವ ರೈತರಿಗೆ ದಾರಿಯ ಸರದಿ ಹಂಚಿಕೊಳ್ಳುವುದು ಹೊಸ ವಿದ್ಯೆಯೇನಲ್ಲ. ಹೊಲದ ದಾರಿಗಳನ್ನು ಉದ್ಯೋಗ ಖಾತರಿಯ ಹಣದಲ್ಲಿ 'ನಮ್ಮ ಹೊಲ ನಮ್ಮ ದಾರಿ' ಎಂಬ ಹೆಸರಿನಲ್ಲಿ ಸರಕಾರವೇ ಹಿಂದೆ ಮಾಡಿಸಿದೆ. ಆದ್ದರಿಂದ ಸಾಧ್ಯವೇ ಎಂಬ ಪ್ರಶ್ನೆ ಇಲ್ಲ. ಹೊಲದವರೆಗೆ ಹೋದ ದಾರಿ ಶಾಲೆಯವರೆಗೆ ಯಾಕೆ ಹೋಗಲಿಲ್ಲ ಎಂಬುದು ಪ್ರಶ್ನೆ.

ಉತ್ತರ ಎಲ್ಲರಿಗೂ ಗೊತ್ತು. ದಾರಿಯನ್ನು ನುಂಗಿದ್ದಾರೆ. ಪ್ರತಿ ವರ್ಷ ನೇಗಿಲಿನ ಒಂದೊಂದು ಸಾಲು ಒಳಗೆ ಬಂದು, ಬಂಡಿದಾರಿ ಕಾಲುದಾರಿಯಾಗಿ, ಕಾಲುದಾರಿ ಅಡಿಕೆಯ ಸಾಲಾಗಿ ಬಿಟ್ಟಿದೆ. ನುಂಗಿದವರು ಹೊರಗಿನವರಲ್ಲ. ಪಂಚಾಯತಿಯ ಮುಂದಿನ ಸಾಲಿನಲ್ಲಿ ಕೂರುವವರು, ಎಲ್ಲ ಪಕ್ಷದವರು, ಎಲ್ಲ ಜಾತಿಯವರು, ನಮ್ಮವರೂ ಸೇರಿ. ಹಾಗಾಗಿ ಈ ವಿಷಯದಲ್ಲಿ ಮಾತ್ರ ಅಪೂರ್ವ ಸೌಹಾರ್ದ ನೆಲೆಸಿದೆ! ಸರಕಾರವನ್ನು ಬೈಯುವ ಪತ್ರಿಕೆಗಳು ಇಲ್ಲಿಗೆ ಬಂದಾಗ ತಣ್ಣಗಾಗುತ್ತವೆ. ನೆರೆಯವನ ಅಡಿಕೆ ಮರದ ಬಗ್ಗೆ ಬರೆಯುವುದು ಪ್ರಧಾನಿಯ ಬಗ್ಗೆ ಬರೆಯುವುದಕ್ಕಿಂತ ಕಷ್ಟದ ಕೆಲಸ. ತಮ್ಮ ಹೊಲದೊಳಗೆ ನಕಾಶೆ ಕಂಡ ದಾರಿಯನ್ನು ಸೇರಿಸಿಕೊಂಡವರು ಮೊದಲು ಅದನ್ನು ಬಿಟ್ಟುಕೊಟ್ಟು ಆಮೇಲೆ ಸಮುದಾಯದ ಮಕ್ಕಳ ಶಿಕ್ಷಣದ ಬಗ್ಗೆ ಭಾಷಣಕ್ಕೆ ಬರಲಿ ಎಂದು ನಾವು ನೇರವಾಗಿಯೇ ಹೇಳುತ್ತೇವೆ.

ಸೈಕಲ್‌ಗಳ ದೇಶವೆಂದು ಇಂದು ಹೆಸರಾದ ನೆದರ್ಲೆಂಡ್ಸ್ ಹುಟ್ಟಿನಿಂದಲೇ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,300 ಮಂದಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ರಸ್ತೆಗಿಳಿದರು. ತಮ್ಮ ಚಳವಳಿಗೆ ಅವರಿಟ್ಟ ಹೆಸರು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು. ಅಪಘಾತವೆಂಬ ಪದವನ್ನೇ ಅವರು ಒಪ್ಪಲಿಲ್ಲ. 1973ರಲ್ಲಿ ತೈಲ ಬಿಕ್ಕಟ್ಟು ಬಂತೆಂಬುದೂ ಅವರಿಗೆ ಅನುಕೂಲವಾಯಿತು. ನಮ್ಮಲ್ಲಿ ಮಗು ಸತ್ತರೆ ಊರವರು ಒಂದು ಗಂಟೆ ರಸ್ತೆ ತಡೆ ಮಾಡುತ್ತಾರೆ, ತಹಶೀಲ್ದಾರರು ಬಂದು ಪರಿಹಾರದ ಮಾತಾಡುತ್ತಾರೆ, ಮರುದಿನ ಒಂದು ಉಬ್ಬು ಹಾಕಲಾಗುತ್ತದೆ. ಆ ಉಬ್ಬಿಗೆ ಬಣ್ಣವನ್ನೂ ಬಳಿಯುವುದಿಲ್ಲ, ಅದಕ್ಕೆ ಎಡವಿ ಇನ್ನೊಬ್ಬ ಬೈಕಿನವನು ಬೀಳುತ್ತಾನೆ.

ಕಾನೂನಿನ ಕಡೆಯಿಂದ ಈಗ ಬಾಗಿಲು ಸ್ವಲ್ಪ ತೆರೆದಿದೆ. ಮೋಟಾರು ರಹಿತ ವಾಹನಗಳು ಮತ್ತು ಪಾದಚಾರಿಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು 2019ರ ತಿದ್ದುಪಡಿಯು ರಾಜ್ಯಗಳಿಗೆ ಕೊಟ್ಟಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಅಂಥ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ನಿಯಮ ಬೆಂಗಳೂರಿನ ಪಾದಚಾರಿ ಮಾರ್ಗಗಳಲ್ಲೇ ಮುಗಿದುಹೋಗದೆ ಹೋಬಳಿಯ ಪ್ರೌಢಶಾಲೆಯವರೆಗೆ ಬರಬೇಕಾದರೆ ಅಲ್ಲಿಂದಲೇ ಒತ್ತಡ ಬರಬೇಕು. ಪ್ರತಿ ಸರಕಾರಿ ಪ್ರೌಢಶಾಲೆಯ ಸುತ್ತಲಿನ ಐದು ಕಿಲೋಮೀಟರಿನೊಳಗಿನ ಹಳ್ಳಿಗಳಿಂದ ಒಂದೊಂದು ಸುರಕ್ಷಿತ ದಾರಿಯನ್ನು ಗುರುತಿಸುವುದು ಸೈಕಲ್ ಯೋಜನೆಯ ಅವಿಭಾಜ್ಯ ಅಂಗವಾಗಬೇಕು. ಮುಂದೆ ಯಾವ ಸರಕಾರ ಸೈಕಲ್ ಕೊಟ್ಟರೂ ಮೊದಲು ದಾರಿಯನ್ನು ತೋರಿಸಿ ಆಮೇಲೆ ಹ್ಯಾಂಡಲ್ ಮಗುವಿನ ಕೈಗಿಡಲಿ.

ಸವಳಂಗದ ಸುತ್ತಲಿನ ಗ್ರಾಮಗಳ ನಕ್ಷೆಗಳು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಪ್ರೌಢಶಾಲೆಯ ಮೇಷ್ಟ್ರು, ಎಸ್‌ಡಿಎಂಸಿಯವರು, ಮಸೀದಿ ಮತ್ತು ದೇವಸ್ಥಾನದ ಸಮಿತಿಯವರು, ತಾಂಡಾದ ಹಿರಿಯರು ಒಂದು ಭಾನುವಾರ ಆ ನಕ್ಷೆಯನ್ನು ಹಿಡಿದು ಚುಕ್ಕಿಗೆರೆಗಳ ಮೇಲೆ ನಡೆದು ನೋಡಬೇಕು. ಎಲ್ಲಿ ದಾರಿ ಇದೆ, ಎಲ್ಲಿ ಮೆಕ್ಕೆಜೋಳ ನಿಂತಿದೆ, ಎಲ್ಲಿ ಮೋರಿ ಬೇಕು ಎಂದು ಬರೆದುಕೊಂಡು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಬೇಕು. ದಾರಿ ಅಳೆಯಲು ಭೂಮಾಪಕರನ್ನು ಕಳುಹಿಸುವಂತೆ ನ್ಯಾಮತಿಯ ತಹಶೀಲ್ದಾರರಿಗೆ ಆ ಠರಾವಿನ ಪ್ರತಿಯೊಂದಿಗೆ ಅರ್ಜಿ ಹೋಗಬೇಕು. ಅದು ಬೇಸಿಗೆಯಲ್ಲೇ ಆಗಬೇಕು. ಜೂನ್‌ನಲ್ಲಿ ಬಿತ್ತನೆಯಾದ ಮೇಲೆ ಯಾವ ರೈತನೂ ಕಲ್ಲು ನೆಡಲು ಬಿಡುವುದಿಲ್ಲ, ಅಷ್ಟರೊಳಗೆ ಶಾಲೆಯೂ ಆರಂಭವಾಗಿರುತ್ತದೆ.